ನಮ್ಮ ವೈನರಿ, ನಿನ್ನ ಸಿನಿಮಾ

ಹರಿಹರ
೧೮ ನವೆಂಬರ್ ೨೦೨೪

ಪ್ರೀತಿಯ ತಮ್ಮ ಬಸವಕಿರಣನಿಗೆ,

ಅಕ್ಕನ ಆಶೀರ್ವಾದ. ಮಂಡಿ ನೋವೊಂದು ಬಿಟ್ಟರೆ ಅವ್ವ ಗಟ್ಟಿಯಾಗಿದ್ದಾಳೆ. ನೀನು ತೆಗೆದ ಸಿನಿಮಾ ಹೇಗಿತ್ತು ಅಂತ ಮೇಲಿಂದ ಮೇಲೆ ಮೆಸೇಜು ಹಾಕಿದ್ದೀಯ. ಉತ್ತರ ಕೊಡದೆ ಕೂತೆನೆಂದು ಬೇಸರಪಡಬೇಡ. ಫೋನಿನಲ್ಲಾದರೆ ‘ಅಕ್ಕಾ, ಆಮ್ಯಾಲೆ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

ಭಾನುವಾರ ದಾವಣಗೆರೆಗೆ ಹೋಗಿ ನೋಡಿದೆವು. ಅವ್ವ ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದಳು. ‘ನಮ್ಮನೆ ಕಥೆ ಐತೆ, ಬಾರೇ’ ಅಂತ ಪಿ.ಜೆ. ಬಡಾವಣೆಯ ತನ್ನ ಗೆಳತಿ ಕಮಲಕ್ಕನನ್ನೂ ಎಬ್ಬಿಸಿಕೊಂಡು ಬಂದಳು.

ಪರದೆಯ ಮೇಲೆ ಎಂಥಾ ದ್ರಾಕ್ಷಿ ತೋಟಾನಪ್ಪಾ ಅದು! ಬೆಟ್ಟ, ಮಂಜು, ಸಾಲುಸಾಲು ಮರದ ಪೀಪಾಯಿ. ನಾವು ವೈನು ಮಾಡುತ್ತಿದ್ದದ್ದು ತಗಡಿನ ಶೆಡ್ಡು, ಸ್ಟೀಲ್ ಟ್ಯಾಂಕು, ಮಗ್ಗುಲಲ್ಲಿ ಮೆಕ್ಕೆಜೋಳದ ಹೊಲ. ಇರಲಿ, ಸಿನಿಮಾ ಅಂದಮೇಲೆ ಬಣ್ಣ ಬೇಕು. ಆದರೆ ಅಪ್ಪನ ಕೈಗೆ ಗ್ಲಾಸು ಯಾಕೆ ಕೊಟ್ಟೆ? ಲಿಂಗ ಕಟ್ಟಿಕೊಂಡ ಮನುಷ್ಯ, ಸಾಯುವವರೆಗೂ ಒಂದು ಹನಿ ನಾಲಿಗೆಗೆ ಹಚ್ಚಲಿಲ್ಲ. ‘ವ್ಯಾಪಾರ ನಾ ಮಾಡ್ತೀನಿ, ರುಚಿ ನೀ ನೋಡು ನಾಗಿ’ ಅಂತ ಗ್ಲಾಸನ್ನು ನನ್ನ ಮುಂದೆ ತಂದಿಟ್ಟ. ನನ್ನ ಕೊರಳಲ್ಲೂ ಲಿಂಗವಿತ್ತು. ಅದನ್ನು ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ಬಾಯಿಗೆ ಹಾಕಿ ಹಾಕಿ ಉಗುಳಿದೆ. ನಿಟ್ಟುವಳ್ಳಿಯಿಂದ ನನ್ನನ್ನು ನೋಡಲು ಬಂದವರು ‘ಹೆಂಡ ನೆಕ್ಕೋ ಹುಡುಗಿ ನಮಗ್ ಬ್ಯಾಡ್ರಿ’ ಅಂತ ಚಹಾ ಮುಟ್ಟದೆ ಎದ್ದು ಹೋದಾಗ ನೀನೂ ಅಲ್ಲೇ ನಿಂತಿದ್ದೆ. ಆಮೇಲೆ ಯಾರೂ ಬರಲಿಲ್ಲ.

ಆ ಮನೆಯ ಮಗನಾದ ನಿನ್ನ ಹೀರೋ ಗ್ಲಾಸು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ‘ಈ ಟ್ಯಾಂಕು ಹುಳಿಗೆ ತಿರುಗೈತೆ, ಚೆಲ್ರಿ’ ಅಂದಾಗ ಜನ ಸಿಳ್ಳೆ ಹೊಡೆದರು. ಅದು ನಾನು ಅಪ್ಪನಿಗೆ ಹೇಳಿದ ಮಾತು ಕಣೋ! ಅಪ್ಪ ಕೇಳಲಿಲ್ಲ. ‘ಹೆಣ್ಮಗಳ ಮಾತು ಕೇಳಿ ಟ್ಯಾಂಕು ಚೆಲ್ಲಲಾ?’ ಅಂತ ಬಾಟಲಿ ತುಂಬಿಸಿದ. ಅಂಗಡಿಯವರು ಅಷ್ಟನ್ನೂ ವಾಪಸ್ ಕಳಿಸಿದರು. ಅಲ್ಲಿಗೆ ಬಿದ್ದ ವೈನರಿ ಮತ್ತೆ ಏಳಲಿಲ್ಲ. ನಿನ್ನ ಸಿನಿಮಾದಲ್ಲಿ ಹೀರೋ ಹೇಳಿದ, ಚೆಲ್ಲಿದರು, ವೈನರಿ ಉಳಿಯಿತು. ಎಷ್ಟು ಸಲೀಸು ನೋಡು.

ಈಗ ಟಿ.ವಿ.ಯವರನ್ನು ಕರೆತರುತ್ತೀಯಂತೆ. ‘ಬೀಗ ತೆಗೆಸು, ಟ್ಯಾಂಕು ತೊಳೆಸು, ಅವ್ವನ್ನ ಬಾಗಿಲಾಗೆ ಕೂಡ್ರಿಸು’ ಅಂತ ಅಪ್ಪಣೆ ಬೇರೆ. ಆಗುವುದಿಲ್ಲ ಕಿರಣ. ಟ್ಯಾಂಕುಗಳನ್ನು ಡೈರಿ ನಡೆಸುವ ಉಚ್ಚೆಂಗಪ್ಪನವರಿಗೆ ಮಾರಿದ್ದೇನೆ, ಬುಧವಾರ ಲಾರಿ ಬರುತ್ತದೆ. ಇನ್ನು ಅವುಗಳಲ್ಲಿ ಹಾಲು ಅಂತ ಅವ್ವನಿಗೆ ಖುಷಿ. ‘ಒಂದ್ ವಾರ ತಡಿ’ ಅನ್ನಬೇಡ, ತಡೆಯುವುದಿಲ್ಲ. ವೈನರಿ ಉಳಿಸಿದವನು ನಾನೇ ಅಂತ ನೀನು ಅಲ್ಲಿ ನಿಂತು ಮಾತಾಡುವುದನ್ನು ನನ್ನ ಕಣ್ಣಿಂದ ನೋಡಲಾರೆ. ಊಟಕ್ಕೆ ಯಾವಾಗ ಬೇಕಾದರೂ ಬಾ, ರೊಟ್ಟಿ ಬಡಿದು ಹಾಕುತ್ತೇನೆ. ಕ್ಯಾಮೆರಾ ತರಬೇಡ.

ನಿನಗೆ ಇನ್ನೂ ದೊಡ್ಡ ಹೆಸರು ಬರಲಿ. ಹರಿಹರೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಅಕ್ಕನಾಗಮ್ಮ

ಮರೆತಿದ್ದೆ: ಸಿನಿಮಾ ಮುಗಿದು ಹೆಸರುಗಳು ಓಡುತ್ತಿದ್ದಾಗ ಎಲ್ಲರೂ ಎದ್ದರು. ‘ಮುಗೀತು, ಏಳೇ’ ಅಂತ ಕಮಲಕ್ಕ ಕೈ ಹಿಡಿದು ಎಳೆದಳು. ಅವ್ವ ಏಳಲಿಲ್ಲ. ‘ತಡಿಯೇ, ನಮ್ ನಾಗಿ ಇನ್ನೂ ಬಂದೇ ಇಲ್ಲ’ ಅಂದಳು. ನಿನ್ನ ಹೀರೋಗೆ ಅಕ್ಕನೇ ಇಲ್ಲ ಅಂತ ನನಗೆ ಹೇಳಲಾಗಲಿಲ್ಲ. ನೀನೇ ಬಂದು ಹೇಳು.