ಆಡು ತಿಂದ ಎಲೆ

ದಿನ ೨೬೮, ಬೆಳಿಗ್ಗೆ

ಕೆಳ ಅಂತಸ್ತಿನ ಡ್ಯೂಟಿ ಮತ್ತೆ ನನ್ನದೇ. ಪ್ರಳಯ ಬರುತ್ತದೆ ಎಂದು ಮಾವ ಹಡಗು ಕಟ್ಟಿದರು, ಪ್ರಾಣಿಗಳನ್ನು ತುಂಬಿದರು. ಸಗಣಿ ಮಾತ್ರ ಕಿರಿಯ ಸೊಸೆಗೆ! ಆನೆಯದೇ ಹನ್ನೆರಡು ಬುಟ್ಟಿ. ಗಾಳಿ ನೋಡದೆ ಹೊರಗೆ ಸುರಿದೆ... ತಲೆಗೇ ಸ್ನಾನ. ಗೆದ್ದಲಿನ ಕಲ್ಲುಪೆಟ್ಟಿಗೆಯ ಮುಚ್ಚಳ ಮೂರು ಸಲ ನೋಡಿದೆ — ಹಡಗು ಮರದ್ದು. ಆದರೂ ಈ ಬದುಕು ಒಗ್ಗಿಹೋಗಿದೆ. ಕರಡಿ ಈಗ ನನ್ನ ಹೆಜ್ಜೆ ಸದ್ದು ಗುರುತಿಸುತ್ತದೆ.

ದಿನ ೨೭೦

ನನ್ನ ಮುದ್ದಿನ ಆಡು ತುಂಟಿ, ಭಾವನ ಬೆಲ್ಟ್ ತಿಂದಿದ್ದಾಳೆ. ಹೋದ ತಿಂಗಳು ಮಾವನ ಪ್ರಾಣಿಗಳ ಲಿಸ್ಟ್ ತಿಂದಿದ್ದಳು. ಭಾವ ಕೆಂಡಾಮಂಡಲ.

"ಆಡು ಏಳು ಜೋಡಿ ಇವೆ. ಒಂದು ಕಮ್ಮಿಯಾದ್ರೆ ಏನೂ ಆಗಲ್ಲ. ಇನ್ನೊಂದ್ಸಲ ಬಾಯಿ ಹಾಕಿದ್ರೆ ಒಲೆ ಮೇಲಿಡ್ತೀನಿ!"

"ಸೌದೆ ಒದ್ದೆ ಕಣೋ," ಎಂದರು ಅತ್ತೆ.

ನನ್ನ ಗಂಡ ಬೆಲ್ಟಿನ ಚೂರು ಹೆಕ್ಕತೊಡಗಿದರು. ಅಣ್ಣನೆದುರು ಯಾವತ್ತು ಬಾಯಿ ಬಿಟ್ಟಿದ್ದಾರೆ!

ದಿನ ೨೭೮, ಸಂಜೆ

ನೆಲ ಕಂಡಿದೆಯೇ ತಿಳಿಯಲು ಮಾವ ಬೆಳಿಗ್ಗೆ ಪಾರಿವಾಳ ಬಿಟ್ಟಿದ್ದರು. ಅದು ಬಂದಿಳಿದದ್ದು ನನ್ನ ಕಾಳಿನ ಬುಟ್ಟಿಗೆ. ಕೊಕ್ಕಿನಲ್ಲಿ ಹಸಿರು ಎಲೆ! ಎಲೆಯನ್ನು ಪಕ್ಕಕ್ಕಿಟ್ಟು ಮಾವನನ್ನು ಕೂಗಲು ತಿರುಗಿದೆ, ಅಷ್ಟೇ. ತುಂಟಿ ನುಂಗಿಯೇ ಬಿಟ್ಟಳು.

ಮಾವ ಏಣಿ ಇಳಿದು ಬಂದರು. "ಏನಾದ್ರೂ ತಂತೇನಮ್ಮಾ?"

"ಇಲ್ಲ ಮಾವ."

ತುಂಟಿಯ ಪಕ್ಕ, ನನಗೆ ಬೆನ್ನು ಹಾಕಿ, ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕುಳಿತರು. "ಸರಿ, ಏಳು ದಿನ ಬಿಟ್ಟು ನೋಡೋಣ."

ಇಡೀ ಲೋಕದ ಸುದ್ದಿ ನನ್ನ ಹೊಟ್ಟೆಯಲ್ಲಿ. ಎಲೆ ಅವಳ ಹೊಟ್ಟೆಯಲ್ಲಿ.

ದಿನ ೨೮೧

ಎಲ್ಲರ ಮುಖ ಸಪ್ಪಗಿದೆ. ಓರಗಿತ್ತಿ ಅತ್ತಳು. ಹೇಳಿಬಿಡಲೇ? ಹೇಳಿದರೆ ತುಂಟಿ ಒಲೆಗೆ. ನಾಚಿಕೆಯಾಗುತ್ತದೆ... ಆದರೆ ಇವುಗಳ ಜೊತೆ ಇನ್ನೂ ನಾಲ್ಕು ದಿನ ಎಂದರೆ ನನಗೆ ಖುಷಿಯೇ.

ದಿನ ೨೮೫, ಸಂಜೆ

ತುಂಟಿಯನ್ನು ಕಂಬಕ್ಕೆ ಎರಡು ಹಗ್ಗದಲ್ಲಿ ಕಟ್ಟಿದ್ದೆ. ಈ ಸಲ ಪಾರಿವಾಳ ಮಾವನ ಅಂಗೈಗೇ ಇಳಿಯಿತು. ಎಲೆ! ಅತ್ತೆ ಅತ್ತರು, ಭಾವ ಕುಣಿದರು. ಎಲ್ಲರೂ ಮೇಲೆ ಹೋದ ಮೇಲೆ ಮಾವ ನನ್ನ ಪಕ್ಕ ಹುಲ್ಲಿನ ಮೇಲೆ ಕುಳಿತರು.

"ತಿಂಗಳುಗಟ್ಟಲೆ ಒಣಹುಲ್ಲು ತಿಂದ ಆಡಿನ ಬಾಯಿ ಹಸಿರಾಗಿದ್ರೆ ಒರೆಸ್ಬೇಕು ಕಣಮ್ಮಾ. ಅವತ್ತು ನಾನೇ ಒರೆಸಿದೆ. ನಿಮ್ ಭಾವ ಹಿಂದೇನೇ ಬರ್ತಿದ್ದ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಗೊತ್ತಿದ್ದೂ ಏಳು ದಿನ ಯಾಕೆ ಕಾದ್ರಿ ಮಾವ?"

ಆನೆಯ ಕಡೆ ನೋಡಿದರು. "ಇಳಿದ್ಮೇಲೆ ಇವೆಲ್ಲ ನಮ್ಮನ್ನ ಬಿಟ್ಟು ಹೋಗ್ತಾವಲ್ಲಮ್ಮಾ."

ಈಗ ಇಲ್ಲೇ ತೂಕಡಿಸುತ್ತಿದ್ದಾರೆ, ಎಲೆ ಕೈಯಲ್ಲೇ ಇದೆ. ಭಾವ ಏಣಿ ಇಳಿಯುವ ಸದ್ದು. ಕಂಬದಲ್ಲಿ ಹಗ್ಗದ ತುಂಡು ಮಾತ್ರ... ಅಯ್ಯೋ, ತುಂಟೀ—