ಚೋಕ್ ಗುಂಡಿ

ವಿಜಯನಗರ, ಬೆಂಗಳೂರು
ಆಗಸ್ಟ್ ೧೯೮೪

ಯಜಮಾನರಿಗೆ ನಮಸ್ಕಾರಗಳು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ನಿಮ್ಮ ಹಳೆಯ ಅಂಬಾಸಡರ್ ಒಂದೇ. ನೀವು ರಾಯಚೂರಿನ ಕ್ಯಾಂಪಿಗೆ ಹೋದ ಮೇಲೆ, ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಗಡಗಡ ನಡುಗಿ ಆಫ್ ಆಗುತ್ತಿತ್ತು. ನನ್ನ ತಮ್ಮ ಗುರುಬಸಪ್ಪನ ಜೊತೆ ನಾಯಂಡಹಳ್ಳಿಯ ಮೆಕ್ಯಾನಿಕ್ ಕೃಷ್ಣಯ್ಯನವರ ಹತ್ತಿರ ಹೋಗಿದ್ದೆ. ಅವರು ಪ್ಲಗ್, ಕಾರ್ಬುರೇಟರ್ ಎಲ್ಲ ಬಿಚ್ಚಿ ನೋಡಿ, ಕೊನೆಗೆ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಹಿಡಿದು ನಕ್ಕರು.

“ಅಮ್ಮಾ, ಇದನ್ನ ಈಚೆಗೆ ಎಳ್ದು ಬ್ಯಾಗ್ ನೇತಾಕ್ಬೇಡಿ. ಚೋಕ್ ಒಳಕ್ಕೆ ಹೋಗ್ದೆ ಸಿಕ್ಕಾಕ್ಕೊಂಡೈತೆ. ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ ಉಸಿರು ಕಟ್ತೈತೆ. ಒಂದಿನ ನೇತಾಕಿದ್ಕೆ ಹಿಂಗಾಗಲ್ಲ ಇದು.”

ನಾನು ಹೂಂ ಅಂದೆ. ನಾನು ಅತ್ತೆಯವರ ಜೊತೆ ಹಿಂದಿನ ಸೀಟಿನಲ್ಲೇ ಕೂರುವವಳು, ಚಿಲ್ಲರೆಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಳ್ಳುವವಳು ಎಂದು ಅವರಿಗೆ ಹೇಳಲಿಲ್ಲ.

ನಿಮ್ಮ ಆಫೀಸಿನ ಟೈಪಿಸ್ಟ್ ವತ್ಸಲಾ ಅವರನ್ನು, ಮಳೆ ಬಂತೆಂದು, ಒಂದೇ ಒಂದು ದಿನ ಬಸವೇಶ್ವರನಗರಕ್ಕೆ ಬಿಟ್ಟೆ ಅಂದಿದ್ದಿರಿ. ಈ ವರ್ಷ ನಮ್ಮ ಕಡೆ ಮಳೆಯೇ ಸರಿಯಾಗಿ ಬರಲಿಲ್ಲ. ಬಸವೇಶ್ವರನಗರದಲ್ಲಿ ದಿನಾ ಬಂದಿರಬೇಕು.

ಚೋಕ್ ವೈರು ಬದಲಾಯಿಸಿದ್ದಾಯಿತು. ಗಾಡಿ ಈಗ ನಿಂತಲ್ಲಿ ಸದ್ದಿಲ್ಲದೆ ನಿಲ್ಲುತ್ತದೆ. ಅತ್ತೆಯವರಿಗೆ ಹಿಂದೆ ಕಾಲು ಚಾಚಲು ಜಾಗ ಬೇಕಂತೆ. ಇನ್ನು ಮೇಲೆ ನಾನು ಮುಂದೆ ಕೂರುತ್ತೇನೆ. ಆ ಸೀಟಿನ ಪಕ್ಕದಲ್ಲಿ ಒಂದು ಕೊಕ್ಕೆ ಹಾಕಿಸಿದ್ದೇನೆ. ಬರುವಾಗ ನನಗೊಂದು ವ್ಯಾನಿಟಿ ಬ್ಯಾಗ್ ತನ್ನಿ.

ಕೊಕ್ಕೆ ಒಂದೇ ಇದೆ.

ಇಂತಿ ನಿಮ್ಮ,
ಕಮಲಾಕ್ಷಿ