‘ಇಲ್ಲ’ ಎಂದವರು ಎದ್ದು ಹೋಗಬಹುದು

ಸಮೀಕ್ಷಾ ನಿರ್ದೇಶಕರೇ,

ಹದಿಹರೆಯದವರ ಲೈಂಗಿಕ ಆರೋಗ್ಯ ಮತ್ತು ಎಚ್‌ಐವಿ ತಡೆ ಕುರಿತ ನಿಮ್ಮ ಸಮೀಕ್ಷೆ ನನ್ನ ಮಗಳನ್ನು ಶಾಲೆ ಬಿಡಿಸಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಕಾರು ಓಡಿಸಲು ಕಲಿಸುವವಳು ನಾನು. ಬ್ರೇಕ್ ಒತ್ತಬೇಕಾದಾಗ ‘ಬ್ರೇಕ್’ ಎಂದೇ ಕಿರುಚಿ ಅಭ್ಯಾಸ.

ನಿಮ್ಮ ಸಂಶೋಧಕರು ಅವಳ ತರಗತಿಗೆ ಬಂದು, ‘ಹೆಸರು ಬರೀಬೇಡಿ, ಎಲ್ಲಾ ಗುಟ್ಟಾಗಿರುತ್ತೆ’ ಎಂದು ಮಾತು ಕೊಟ್ಟರು. ಪ್ರಶ್ನೆಗಳ ನಡುವೆ ಒಂದಿತ್ತು: ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಎಚ್‌ಐವಿ ಇದೆಯೇ?’ ‘ಇಲ್ಲ’ ಎಂದವರು ಹಾಳೆ ಕೊಟ್ಟು ಎದ್ದು ಹೋಗಬಹುದು. ‘ಹೌದು’ ಎಂದವರು ಉಳಿದ ಪುಟಗಳನ್ನೂ ತುಂಬಬೇಕು. ಇಡೀ ತರಗತಿ ಆಟದ ಬಯಲಿಗೆ ಓಡಿತು. ನನ್ನ ಮಗಳೊಬ್ಬಳೇ ತಲೆ ತಗ್ಗಿಸಿ ಬರೆಯುತ್ತ ಕುಳಿತಳು, ಕಿಟಕಿ ತುಂಬ ಮುಖಗಳು. ಆಹಾ, ಎಂಥ ಗೋಪ್ಯತೆ!

ಹೌದು, ಸೋಂಕು ಇರುವುದು ನನಗೆ. ವರ್ಷಗಳಿಂದ ಮಾತ್ರೆ ನುಂಗುತ್ತ ಗಟ್ಟಿಮುಟ್ಟಾಗಿದ್ದೇನೆ. ಮಗಳಿಗೆ ಇಲ್ಲ. ಮರುದಿನವೇ ಅವಳ ಪಕ್ಕ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋದಳು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು.

“ತಪ್ಪು ತಿಳ್ಕೋಬೇಡಿ. ಅವಳ ರಕ್ತದ ರಿಪೋರ್ಟ್ ತಂದ್ಕೊಡಿ, ಉಳಿದ ಪೋಷಕರ ಬಾಯಿ ಮುಚ್ಚಿಸ್ತೀನಿ.”

“ಪಕ್ಕದಲ್ಲಿ ಕೂತ್ರೆ ಅಂಟಲ್ಲ ಅಂತ ಸಮೀಕ್ಷೆಯವರೇ ಪಾಠ ಮಾಡಿದ್ರಲ್ಲ, ಮೇಡಂ?”

“ಪಾಠ ಬೇರೆ, ಪೋಷಕರು ಬೇರೆ ಕಣಮ್ಮ.”

ರಿಪೋರ್ಟ್ ಬೀರುವಿನಲ್ಲೇ ಇದೆ. ಕೊಡುವುದಿಲ್ಲ. ಇಂದು ನಾನು ಕೊಟ್ಟರೆ, ನಿಜಕ್ಕೂ ಸೋಂಕಿರುವ ಮಗುವಿನ ತಾಯಿ ನಾಳೆ ಏನು ತೋರಿಸಬೇಕು? ಮಗಳೂ ಹಟ ಹಿಡಿದಿದ್ದಾಳೆ: “ಚೀಟಿ ತೋರಿಸಿ ಒಳಗೆ ಹೋಗೋದಾದ್ರೆ ನಂಗೆ ಆ ಸ್ಕೂಲೇ ಬೇಡ.” ಪರೀಕ್ಷೆ ಹತ್ತಿರ ಬಂತು, ಅವಳು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಳೆ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ದತ್ತಾಂಶದಲ್ಲಿ ಯಾರ ಹೆಸರೂ ಇಲ್ಲ, ಗೋಪ್ಯತೆಯ ಉಲ್ಲಂಘನೆ ಆಗಿಲ್ಲ” ಎಂಬ ಅಪ್ಪಣೆಯಾಯಿತು. ಸ್ವಾಮಿ, ದತ್ತಾಂಶಕ್ಕೆ ಕಣ್ಣಿಲ್ಲದಿರಬಹುದು, ತರಗತಿಯ ಮಕ್ಕಳಿಗಿದೆಯಲ್ಲ? ಅಂದು ‘ಇಲ್ಲ’ ಎಂದು ಎದ್ದು ಓಡಿದವರೆಲ್ಲ ನಿಜವನ್ನೇ ಬರೆದರೆಂದು ನಂಬಿದ್ದೀರಾ? ಮುಂದಿನ ವರ್ಷ ಎಲ್ಲರೂ ‘ಇಲ್ಲ’ ಎನ್ನುತ್ತಾರೆ; ಆಗ ಊರಲ್ಲಿ ಸೋಂಕೇ ಇಲ್ಲವೆಂದು ಸನ್ಮಾನ ಮಾಡಿಸಿಕೊಳ್ಳುತ್ತೀರಾ?

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ನೀವೇ ಆ ತರಗತಿಗೆ ಬನ್ನಿ; ತಪ್ಪು ನಿಮ್ಮದೆಂದು ಆ ಮಕ್ಕಳ ಮುಂದೆಯೇ ಹೇಳಿ. ಯಾವ ಮಗುವಿನ ರಕ್ತದ ರಿಪೋರ್ಟನ್ನೂ ಶಾಲೆ ಕೇಳಬಾರದೆಂದು ಲಿಖಿತ ಆದೇಶ ಕೊಡಿಸಿ. ಮುಂದೆ ಎಲ್ಲಿ ಹೋದರೂ, ಉತ್ತರ ಏನೇ ಇರಲಿ, ಎಲ್ಲ ಮಕ್ಕಳೂ ಕೊನೆಯವರೆಗೆ ಕೂತು ಬರೆಯುವಂಥ ಪ್ರಶ್ನೆಪತ್ರಿಕೆ ಮಾಡಿ.

ನಿನ್ನೆ ಮಗಳು ಕೇಳಿದಳು: “ಅಮ್ಮಾ, ಇನ್ನೊಂದ್ಸಲ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳ್ಬಿಡ್ಲಾ?”

ಉತ್ತರ ನೀವೇ ಬಂದು ಅವಳಿಗೆ ಹೇಳಿ.

ಇಂತಿ,
ಇನ್ನು ಮುಚ್ಚಿಡಲು ಏನೂ ಉಳಿಯದ
ಆ ಹುಡುಗಿಯ ಅಮ್ಮ